ಪಿಕ್ಲಿಂಗ್ ಆಸಿಡ್‌ನಿಂದ ಜಿಂಕ್ ತೆಗೆಯಲು ಟಿಬಿಪಿ ಹಾಕಿದೆ, ಫನೆಲ್‌ನಲ್ಲಿ ಮೂರು ಪದರ ಬಂತು. ಯಾಕೆ?

ಹೊನಗಾ ಲ್ಯಾಬ್:

ಎಲ್ಲರಿಗೂ ನಮಸ್ಕಾರ. ಬೆಳಗಾವಿಯ ಹೊನಗಾ ಕಡೆ ಒಂದು ಗ್ಯಾಲ್ವನೈಸಿಂಗ್, ಅಂದರೆ ಕಬ್ಬಿಣದ ಮಾಲಿಗೆ ಜಿಂಕ್ ಲೇಪ ಹಾಕುವ ಶಾಪ್‌ನಲ್ಲಿ ಲ್ಯಾಬ್ ನೋಡಿಕೊಳ್ಳುತ್ತೇನೆ. ಓದಿದ್ದು ಬಿ.ಎಸ್ಸಿ. ಕೆಮಿಸ್ಟ್ರಿ, ಇಲ್ಲಿ ಸೇರಿ ಮೂರು ವರ್ಷ ಆಯ್ತು. ಒಂದು ತೊಡಕು ಬಿಡಿಸಲು ಆಗುತ್ತಿಲ್ಲ, ಗೊತ್ತಿದ್ದವರು ದಯವಿಟ್ಟು ಹೇಳಿ.

ಮಾಲಿನ ತುಕ್ಕು ಬಿಡಿಸಲು ಹೈಡ್ರೋಕ್ಲೋರಿಕ್ ಆಸಿಡ್ ತೊಟ್ಟಿಯಲ್ಲಿ ಅದ್ದುತ್ತೇವೆ, ಇದೇ ಪಿಕ್ಲಿಂಗ್. ದಿನ ಕಳೆದಂತೆ ಆಸಿಡ್ ಕಬ್ಬಿಣ ತುಂಬಿಕೊಂಡು ಕೆಲಸಕ್ಕೆ ಬಾರದಂತಾಗುತ್ತದೆ, ಆಗ ತೆಗೆದು ಹೊರಗಿನ ಟ್ಯಾಂಕ್‌ಗೆ ಬಿಡುತ್ತೇವೆ. ಕಳೆದ ಸಲದ ಟ್ಯಾಂಕ್ 10 ಸಾವಿರ ಲೀಟರ್. ಲೀಟರಿಗೆ ಕಬ್ಬಿಣ 110 ಗ್ರಾಂ, ಜಿಂಕ್ 38 ಗ್ರಾಂ, ಉಳಿದ ಆಸಿಡ್ ಸುಮಾರು ಶೇ. 3. ಮೊದಲು ಇದನ್ನು ಫೆರಿಕ್ ಕ್ಲೋರೈಡ್ ತಯಾರಿಸುವವರು ಒಯ್ಯುತ್ತಿದ್ದರು. ಈಗ ಜಿಂಕ್ ಜಾಸ್ತಿ ಇದೆ ಎಂದು ಬೇಡ ಅನ್ನುತ್ತಿದ್ದಾರೆ. ಅವರ ಮಾಲು ನೀರು ತಿಳಿ ಮಾಡುವ ಕೆಲಸಕ್ಕೆ ಹೋಗುತ್ತದೆ, ಅದರಲ್ಲಿ ಇಷ್ಟು ಜಿಂಕ್ ಇದ್ದರೆ ಯಾರು ತಗೊಳ್ಳುತ್ತಾರೆ, ಅವರದ್ದೂ ತಪ್ಪಲ್ಲ. ಸುಣ್ಣ ಹಾಕಿ ಕೂರಿಸಿದರೆ ಕೆಸರಿನ ಗುಡ್ಡೆ ಬೀಳುತ್ತದೆ. ಅದನ್ನು ಒಣಗಿಸಿ, ಚೀಲಕ್ಕೆ ತುಂಬಿ, ದುಡ್ಡು ಕೊಟ್ಟು ಕಳಿಸಬೇಕು. ಕಬ್ಬಿಣವೂ ಹೋಯಿತು, ಜಿಂಕೂ ಹೋಯಿತು, ಸುಣ್ಣವೂ ಹೋಯಿತು.

ಟ್ರೈಬ್ಯುಟೈಲ್ ಫಾಸ್ಫೇಟ್ ಅಂದರೆ ಟಿಬಿಪಿ ಹಾಕಿ ಜಿಂಕ್ ಕ್ಲೋರೈಡ್ ಮಾತ್ರ ಎಳೆಯಬಹುದು ಅಂತ ಓದಿದ್ದೆ. ಅರ್ಧ ಟಿಬಿಪಿ, ಅರ್ಧ ಸೀಮೆಎಣ್ಣೆ ಬೆರೆಸಿ, ಅಷ್ಟೇ ಆಸಿಡ್ ಜೊತೆ ಸೆಪರೇಟಿಂಗ್ ಫನೆಲ್‌ನಲ್ಲಿ ಐದು ನಿಮಿಷ ಕುಲುಕಿದೆ. ಎರಡು ಪದರ ಬರಬೇಕಿತ್ತು. ಬಂದದ್ದು ಮೂರು! ಕೆಳಗೆ ಆಸಿಡ್, ನಡುವೆ ಜೇನುತುಪ್ಪದ ಹಾಗೆ ಗಟ್ಟಿ ಹಳದಿ ಪದರ, ಮೇಲೆ ಬಣ್ಣವೇ ಇಲ್ಲದ ಸೀಮೆಎಣ್ಣೆ. ಆಸಿಡ್‌ನಲ್ಲಿ ಜಿಂಕ್ 38ರಿಂದ 21ಕ್ಕೆ ಇಳಿದಿದೆ ಅಷ್ಟೇ. ಹಳದಿ ಪದರವನ್ನು ನೀರಿನಿಂದ ತೊಳೆದರೆ ನೀರಿಗೆ ಜಿಂಕ್ ಜೊತೆ ಕಬ್ಬಿಣವೂ ಬರುತ್ತಿದೆ.

ಮೂರನೇ ಪದರ ಯಾಕೆ? ಕಬ್ಬಿಣ ಯಾಕೆ ಬಂತು? ಇದು ನಮ್ಮಂಥ ಸಣ್ಣ ಶಾಪ್‌ಗೆ ಆಗುವ ಕೆಲಸವಾ, ಇಲ್ಲಾ ಬಿಟ್ಟುಬಿಡಲಾ?

——

ಗಡಿನಾಡ ಕೆಮಿಸ್ಟ್:

ನಿಮ್ಮ ಎರಡು ಪ್ರಶ್ನೆಗೂ ಉತ್ತರ ಆ ಹಳದಿ ಬಣ್ಣದಲ್ಲೇ ಇದೆ.

ನೀರಿನಲ್ಲಿ ಕ್ಲೋರೈಡ್ ತುಂಬ ಇದ್ದಾಗ ಕೆಲವು ಲೋಹಗಳು ಅದನ್ನು ಮೈತುಂಬ ಸುತ್ತಿಕೊಳ್ಳುತ್ತವೆ. ಹಾಗೆ ಸುತ್ತಿಕೊಂಡವು ನೀರು ಬಿಟ್ಟು ಟಿಬಿಪಿ ಕಡೆ ಹೋಗುತ್ತವೆ. ಜಿಂಕ್ ಹೀಗೆ ಹೋಗುತ್ತದೆ, ಒಂದು ಜಿಂಕ್ ಕ್ಲೋರೈಡ್ ಹಿಂದೆ ಸುಮಾರು ಎರಡು ಟಿಬಿಪಿ ಬೇಕು. ಕಬ್ಬಿಣದ ವಿಷಯ ಬೇರೆ. ಕಬ್ಬಿಣದಲ್ಲಿ ಎರಡು ರೂಪ ಇವೆ ಅಲ್ವಾ, ಫೆರಸ್ ಮತ್ತು ಫೆರಿಕ್. ಫೆರಸ್ ಕ್ಲೋರೈಡ್ ನೀರಿನಲ್ಲೇ ಉಳಿಯುತ್ತದೆ, ಟಿಬಿಪಿ ಅದನ್ನು ಹೆಚ್ಚುಕಮ್ಮಿ ಮುಟ್ಟುವುದೇ ಇಲ್ಲ. ಫೆರಿಕ್ ನಾಲ್ಕು ಕ್ಲೋರೈಡ್ ಸುತ್ತಿಕೊಂಡು, ಜೊತೆಗೆ ಆಸಿಡನ್ನೂ ಕರೆದುಕೊಂಡು, ಜಿಂಕ್‌ಗಿಂತ ಮುಂದೆ ಓಡುತ್ತದೆ. ಅದರ ಬಣ್ಣವೇ ಆ ಹಳದಿ.

ಇದು ಹೊಸ ಸಂಗತಿ ಏನಲ್ಲ. ಗಟ್ಟಿ ಹೈಡ್ರೋಕ್ಲೋರಿಕ್ ಆಸಿಡ್‌ನಿಂದ ಫೆರಿಕ್ ಕ್ಲೋರೈಡನ್ನು ಈಥರ್ ಎಳೆದುಕೊಳ್ಳುತ್ತದೆ ಎಂದು ರೋಥೆ 1892ರಲ್ಲೇ ತೋರಿಸಿದ್ದ. ಉಕ್ಕಿನ ಪರೀಕ್ಷೆ ಮಾಡುವವರು ರಾಶಿ ಕಬ್ಬಿಣವನ್ನು ಪಕ್ಕಕ್ಕೆ ಸರಿಸಿ ಉಳಿದ ಲೋಹ ಅಳೆಯಲು ಇದನ್ನೇ ಬಳಸುತ್ತಿದ್ದರು. ನಾರ್ವೆಯ ಕ್ರಿಸ್ಟಿಯಾನ್‌ಸಾಂಡ್‌ನಲ್ಲಿರುವ ನಿಕ್ಕೆಲ್ ಕಾರ್ಖಾನೆಯಲ್ಲಿ ನಿಕ್ಕೆಲ್ ಕ್ಲೋರೈಡ್ ದ್ರಾವಣದಿಂದ ಕಬ್ಬಿಣ ತೆಗೆಯಲು ಟಿಬಿಪಿ, ಕೋಬಾಲ್ಟ್ ತೆಗೆಯಲು ಅಮೀನ್ ಎಂಬ ಬೇರೆ ಬಗೆಯ ಕೆಮಿಕಲ್ ಬಳಸಿದರು. ನಿಕ್ಕೆಲ್ ಹಾಗೆ ಕ್ಲೋರೈಡನ್ನು ಸುತ್ತಿಕೊಳ್ಳುವುದಿಲ್ಲ, ಅದಕ್ಕೇ ಅದು ನೀರಿನಲ್ಲಿ ಉಳಿಯುತ್ತದೆ. ಅಲ್ಲಿ ನಿಕ್ಕೆಲ್‌ಗೆ ಇರುವ ಜಾಗ ನಿಮ್ಮಲ್ಲಿ ಫೆರಸ್‌ಗೆ ಇದೆ.

ಹೊಸದಾಗಿ ತೆಗೆದ ಪಿಕ್ಲಿಂಗ್ ಆಸಿಡ್ ಹಸಿರಾಗಿರುತ್ತದೆ. ನಿಮ್ಮದು ಹೊರಗಿನ ಟ್ಯಾಂಕ್‌ನಲ್ಲಿ ಬಾಯಿ ತೆರೆದು ಎಷ್ಟು ದಿನ ಇತ್ತು? ಗಾಳಿ ತಾಗಿ ಒಂದಷ್ಟು ಫೆರಸ್ ಫೆರಿಕ್ ಆಗಿದೆ. ಆ ಫೆರಿಕ್ ಟಿಬಿಪಿ ಜೊತೆ ಸೇರಿ ಆದ ಗಂಟು ಸೀಮೆಎಣ್ಣೆಯಲ್ಲಿ ಸರಿಯಾಗಿ ಕರಗುವುದಿಲ್ಲ. ಎಣ್ಣೆ ಪದರವೇ ಎರಡಾಗಿ ಒಡೆಯುತ್ತದೆ. ಟಿಬಿಪಿ ಎಲ್ಲ ನಡುವಿನ ಪದರಕ್ಕೆ ಇಳಿಯುತ್ತದೆ, ಮೇಲೆ ಬರೀ ಸೀಮೆಎಣ್ಣೆ. ಐಸೋಡೆಕನಾಲ್ ಥರದ ಉದ್ದ ಸರಪಳಿಯ ಆಲ್ಕೊಹಾಲ್ ಒಂದಿಷ್ಟು ಬೆರೆಸಿದರೆ ಪದರ ಮತ್ತೆ ಕೂಡುತ್ತದೆ. ಆದರೆ ನಿಮಗೆ ಅದು ಬೇಡ. ಫೆರಿಕ್ ಬಂದದ್ದೇ ತಪ್ಪು, ಮೊದಲು ಅದನ್ನು ಇಲ್ಲದಂತೆ ಮಾಡಿ.

ಆಸಿಡ್‌ಗೆ ಕಬ್ಬಿಣದ ಚೂರು ಹಾಕಿ ಒಂದು ರಾತ್ರಿ ಬಿಡಿ. ಎರಡು ಫೆರಿಕ್, ಒಂದು ಕಬ್ಬಿಣ ಸೇರಿ ಮೂರು ಫೆರಸ್ ಆಗುತ್ತದೆ. ಬೆಳಗ್ಗೆ ಒಂದು ಹನಿ ತೆಗೆದು ಅಮೋನಿಯಂ ಥಯೋಸಯನೇಟ್ ಹಾಕಿ ನೋಡಿ. ರಕ್ತದ ಹಾಗೆ ಕೆಂಪಾದರೆ ಫೆರಿಕ್ ಇನ್ನೂ ಇದೆ. ಬಣ್ಣ ಬರದಿದ್ದರೆ ಟಿಬಿಪಿ ಹಾಕಿ. ಒಂದು ಎಚ್ಚರಿಕೆ, ಉಳಿದ ಆಸಿಡ್ ಕೂಡ ಕಬ್ಬಿಣ ತಿನ್ನುತ್ತದೆ, ಹೈಡ್ರೋಜನ್ ಬರುತ್ತದೆ. ಮುಚ್ಚಿದ ಡ್ರಮ್‌ನಲ್ಲಿ ಮಾಡಲೇಬೇಡಿ, ಹತ್ತಿರ ಬೀಡಿ, ವೆಲ್ಡಿಂಗ್ ಏನೂ ಇರಬಾರದು.

ನೀರಿನಿಂದ ಯಾಕೆ ಜಿಂಕ್ ವಾಪಸ್ ಬರುತ್ತದೆ ಅಂದರೆ, ಬರೀ ನೀರಿನಲ್ಲಿ ಕ್ಲೋರೈಡ್ ಇಲ್ಲ. ಸುತ್ತಿಕೊಂಡಿದ್ದು ಬಿಚ್ಚಿಹೋಗುತ್ತದೆ, ಜಿಂಕ್ ನೀರಿಗಿಳಿಯುತ್ತದೆ. ಟಿಬಿಪಿ ನನಗೆ ಇಷ್ಟ ಆಗುವುದೇ ಇದಕ್ಕೆ, ಬಿಡಿಸಲು ಬೇರೆ ಕೆಮಿಕಲ್ ಕೊಳ್ಳಬೇಕಿಲ್ಲ.

——

ಕೆಟಲ್ ಮೇಸ್ತ್ರಿ:

ತಮ್ಮಾ, ನಾನು ಬಾಗಲಕೋಟೆಯವನು, 22 ವರ್ಷ ಗ್ಯಾಲ್ವನೈಸಿಂಗ್ ಕೆಲಸ ಮಾಡಿದ್ದೇನೆ. ಕೆಮಿಸ್ಟ್ರಿ ಮೇಲಿನವರು ಚೆನ್ನಾಗಿ ಹೇಳಿದ್ದಾರೆ. ನಾನು ಬೇರೆ ಪ್ರಶ್ನೆ ಕೇಳುತ್ತೇನೆ. ಆ 38 ಗ್ರಾಂ ಜಿಂಕ್ ಆಸಿಡ್ ತೊಟ್ಟಿಗೆ ಬಂದದ್ದು ಎಲ್ಲಿಂದ?

ತುಕ್ಕು ಹಿಡಿದ ಹೊಸ ಮಾಲಿನಲ್ಲಿ ಜಿಂಕ್ ಇರುವುದಿಲ್ಲ. ಒಂದು, ರಿಜೆಕ್ಟ್ ಆದ ಮಾಲಿನ ಕೋಟಿಂಗ್ ಕಿತ್ತು ತೆಗೆಯಲು ಅದೇ ಪಿಕ್ಲಿಂಗ್ ತೊಟ್ಟಿಗೆ ಹಾಕುತ್ತಿದ್ದೀರಿ. ಇನ್ನೊಂದು, ಮಾಲು ನೇತುಹಾಕುವ ಜಿಗ್, ಹುಕ್ಕು, ಸರಪಳಿ. ಅವು ಒಂದು ಸುತ್ತು ಕರಗಿದ ಜಿಂಕ್ ಇರುವ ಕೆಟಲ್‌ನಲ್ಲಿ ಮುಳುಗಿ ಮೈಗೆ ಜಿಂಕ್ ಬಳಿದುಕೊಂಡು ಬರುತ್ತವೆ. ಮುಂದಿನ ಸುತ್ತಿಗೆ ಹಾಗೇ ಆಸಿಡ್‌ಗೆ ಇಳಿಯುತ್ತವೆ. ಒಂದು ಸಲ ನಿಂತು ನೋಡು, ಜಿಗ್ ಆಸಿಡ್‌ಗೆ ಮುಟ್ಟಿದ ತಕ್ಷಣ ಅದರ ಸುತ್ತ ಬುರುಗು ಕುದಿಯುತ್ತದೆ, ಮಾಲಿನ ಸುತ್ತ ಅಷ್ಟು ಇರುವುದಿಲ್ಲ. ಆ ಬುರುಗೇ ನಿನ್ನ ಜಿಂಕ್.

ಕೋಟಿಂಗ್ ಕೀಳಲು ಬೇರೆ ತೊಟ್ಟಿ ಇಡಿ. ರಿಜೆಕ್ಟ್ ಮಾಲು, ಜಿಗ್ ಎಲ್ಲ ಅಲ್ಲಿಗೆ. ಅದರಲ್ಲಿ ಇನ್ಹಿಬಿಟರ್ ಹಾಕಿದರೆ ಕೆಳಗಿನ ಕಬ್ಬಿಣ ಹೆಚ್ಚು ಕರಗುವುದಿಲ್ಲ, ಬರೀ ಜಿಂಕ್ ಕರಗುತ್ತದೆ. ಆಗ ಒಂದು ತೊಟ್ಟಿಯಲ್ಲಿ ಕಬ್ಬಿಣದ ಆಸಿಡ್, ಇನ್ನೊಂದರಲ್ಲಿ ಜಿಂಕ್ ಆಸಿಡ್, ಎರಡಕ್ಕೂ ಕೊಳ್ಳುವವರು ಸಿಗುತ್ತಾರೆ. ಬೆರೆಸಿದ್ದನ್ನು ಬೇರೆ ಮಾಡಲು ಪ್ಲಾಂಟ್ ಕಟ್ಟುವುದಕ್ಕಿಂತ ಬೆರೆಸದೆ ಇರುವುದು ಅಗ್ಗ. ಒಂದು ತೊಟ್ಟಿ, ಒಂದು ಕ್ರೇನ್ ಸುತ್ತು ಜಾಸ್ತಿ, ಅಷ್ಟೇ ಖರ್ಚು.

ನಮ್ಮಲ್ಲಿ ಇದನ್ನು ಮಾಡಲು ಎರಡು ವರ್ಷ ಹಿಡಿಯಿತು. ಶಿಫ್ಟಿನಲ್ಲಿ ಗಡಿಬಿಡಿ ಇದ್ದಾಗ ಹುಡುಗರು ಹತ್ತಿರದ ತೊಟ್ಟಿಗೇ ಹಾಕುತ್ತಿದ್ದರು. ಜಿಗ್ ತೊಟ್ಟಿಯನ್ನು ಕೆಟಲ್ ಪಕ್ಕಕ್ಕೆ, ಜಿಗ್ ಬಿಚ್ಚುವ ಜಾಗದಲ್ಲೇ ಇಟ್ಟ ಮೇಲೆ ಸರಿ ಆಯ್ತು. ಬೈದರೆ ಆಗಲಿಲ್ಲ, ಜಾಗ ಬದಲಿಸಿದರೆ ಆಯ್ತು.

——

ಹೊನಗಾ ಲ್ಯಾಬ್:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಮೇಸ್ತ್ರಿ ಅಣ್ಣಾ, ನೀವು ಹೇಳಿದ ಹಾಗೆ ನಿನ್ನೆ ಸೆಕೆಂಡ್ ಶಿಫ್ಟಿನಲ್ಲಿ ಪಿಕ್ಲಿಂಗ್ ತೊಟ್ಟಿ ಪಕ್ಕ ನಿಂತಿದ್ದೆ. ಮೂರು ವರ್ಷದಿಂದ ದಿನಾ ಸ್ಯಾಂಪಲ್ ತೆಗೆಯಲು ಹೋಗುತ್ತೇನೆ, ಆದರೆ ಹೀಗೆ ನೋಡಿರಲಿಲ್ಲ. ಹುಕ್ಕಿನ ಸುತ್ತ ಬಿಳಿ ಬುರುಗು ಒಂದೇ ಸಮ ಏಳುತ್ತಿತ್ತು, ಕೆಳಗಿನ ಆಂಗಲ್ ಮೇಲೆ ಅಲ್ಲೊಂದು ಇಲ್ಲೊಂದು ಗುಳ್ಳೆ. ಆ ಶಿಫ್ಟಿನಲ್ಲಿ ರಿಜೆಕ್ಟ್ ಮಾಲು ಕೂಡ ಎರಡು ಲೋಡ್ ಅದೇ ತೊಟ್ಟಿಗೆ ಇಳಿಯಿತು. ಫೋಟೋ ತೆಗೆದು ಮ್ಯಾನೇಜರ್‌ಗೆ ತೋರಿಸಿದ್ದೇನೆ.

ಈಗಿರುವ 10 ಸಾವಿರ ಲೀಟರ್‌ಗೆ ಏನಾದರೂ ಮಾಡಲೇಬೇಕು, ಅದಕ್ಕೆ ಲ್ಯಾಬ್ ಕೆಲಸ ಮುಂದುವರಿಸಿದೆ. ಟ್ಯಾಂಕ್‌ನ ಆಸಿಡ್ ನಿಜಕ್ಕೂ ಚಹಾ ಬಣ್ಣಕ್ಕೆ ಬಂದಿತ್ತು. ಮೊದಲು ಉದ್ಯಮಬಾಗ್‌ನ ಮಷೀನ್ ಶಾಪ್‌ನಿಂದ ಕಾಸ್ಟ್ ಐರನ್ ಬೋರಿಂಗ್, ಅಂದರೆ ಕೊರೆದಾಗ ಬೀಳುವ ಚೂರು, ತಂದು ಹಾಕಿದೆ. ಅಲ್ಲಿ ಬೇಕಾದಷ್ಟು ಸಿಗುತ್ತದೆ, ಪುಡಿಯಾಗಿರುವುದರಿಂದ ಬೇಗ ಕೆಲಸ ಮಾಡುತ್ತದೆ ಅಂದುಕೊಂಡೆ. ಫೆರಿಕ್ ಏನೋ ಹೋಯಿತು, ಥಯೋಸಯನೇಟ್ ಹನಿಯಲ್ಲಿ ಕೆಂಪು ಬರಲಿಲ್ಲ. ಆದರೆ ಟಿಬಿಪಿ ಹಾಕಿ ಕುಲುಕಿದಾಗ ಎರಡು ಪದರದ ನಡುವೆ ಕಪ್ಪು ಕೆನೆ ಕಟ್ಟಿತು. 20 ನಿಮಿಷ ಕಾದರೂ ಬಿಡಲಿಲ್ಲ.

ಆಮೇಲೆ ಬೈಂಡಿಂಗ್ ತಂತಿಯ ತುಂಡುಗಳನ್ನು ಕಾಸ್ಟಿಕ್‌ನಲ್ಲಿ ತೊಳೆದು ಹಾಕಿದೆ. ರಾತ್ರಿಯಿಡೀ ಬಿಟ್ಟೆ. ಬೆಳಗ್ಗೆ ಆಸಿಡ್ ಎಳೆ ಹಸಿರು, ಬಾಟಲಿ ಆಚೆಯ ಕಿಟಕಿ ಕಾಣುವಷ್ಟು ತಿಳಿ. ಈ ಸಲ 80 ಭಾಗ ಟಿಬಿಪಿ, 20 ಭಾಗ ಸೀಮೆಎಣ್ಣೆ. ಕುಲುಕಿ ಸ್ಟ್ಯಾಂಡ್‌ಗೆ ಹಾಕಿದೆ, ಎರಡು ನಿಮಿಷದಲ್ಲಿ ಗೆರೆ ಎಳೆದ ಹಾಗೆ ಎರಡೇ ಪದರ! ಎಣ್ಣೆಗೆ ಹಳದಿ ಬಣ್ಣವೇ ಇಲ್ಲ. ಜಿಂಕ್ 38ರಿಂದ 14ಕ್ಕೆ ಇಳಿಯಿತು. ಎಣ್ಣೆಯನ್ನು ನೀರಿನಿಂದ ತೊಳೆದಾಗ ಬಂದ ಜಿಂಕ್‌ನಲ್ಲಿ ಕಬ್ಬಿಣ ತೀರಾ ಕಡಿಮೆ. ಖುಷಿಯಾಗಿ ಲ್ಯಾಬ್ ಹುಡುಗನಿಗೆ ಕುಂದಾ ತರಿಸಿ ಕೊಟ್ಟೆ.

ಆದರೆ 14 ಇನ್ನೂ ಜಾಸ್ತಿ. ಒಂದು, ಎರಡು ಗ್ರಾಂಗೆ ಇಳಿಸಬೇಕು. ಪ್ರತಿ ಸಲ ಹೊಸ ಟಿಬಿಪಿ ಹಾಕುತ್ತಾ ಹೋಗಲಾ? ಟಿಬಿಪಿ ಬೆಲೆ ನೋಡಿದರೆ ಎದೆ ಧಸಕ್ಕೆನ್ನುತ್ತದೆ. ಅಮೀನ್ ಅಥವಾ ಡಿ2ಇಎಚ್‌ಪಿಎ ಥರದ, ಲೋಹ ಎಳೆಯುವ ಬೇರೆ ಕೆಮಿಕಲ್ ಹಾಕಿದರೆ ಒಂದೇ ಸಲಕ್ಕೆ ಆಗುತ್ತದಾ?

——

ಮಿಕ್ಸರ್ ಸೆಟ್ಲರ್:

ನಾನು ವಿಜಯಪುರದವಳು, ಕೆಮಿಕಲ್ ಎಂಜಿನಿಯರ್. ಎಂ.ಟೆಕ್. ಪ್ರಾಜೆಕ್ಟ್ ಸಾಲ್ವೆಂಟ್ ಎಕ್ಸ್‌ಟ್ರಾಕ್ಷನ್, ಅಂದರೆ ಹೀಗೆ ಎಣ್ಣೆಗೆ ಲೋಹ ಎಳೆಯುವುದರ ಮೇಲೇ ಮಾಡಿದ್ದು, ಅದಕ್ಕೇ ಈ ಪ್ರಶ್ನೆ ನೋಡಿ ಸುಮ್ನೆ ಇರಲು ಆಗಲಿಲ್ಲ.

ಆ ಕಪ್ಪು ಕೆನೆ ಕಾಸ್ಟ್ ಐರನ್‌ನ ಗ್ರಾಫೈಟ್. ಕಬ್ಬಿಣ ಕರಗುತ್ತದೆ, ಗ್ರಾಫೈಟ್ ಪುಡಿ ಉಳಿದು ಎರಡು ಪದರದ ನಡುವೆ ನಿಲ್ಲುತ್ತದೆ. ಜೊತೆಗೆ ಬೋರಿಂಗ್‌ನಲ್ಲಿ ಕಟಿಂಗ್ ಆಯಿಲ್ ಇದ್ದರಂತೂ ಪದರ ಬಿಡುವುದೇ ಇಲ್ಲ. ತೊಳೆದ ತಂತಿಗೇ ಅಂಟಿಕೊಳ್ಳಿ, ಆಮೇಲೂ ಆಸಿಡನ್ನು ಸೋಸಿಯೇ ಟಿಬಿಪಿಗೆ ಕೊಡಿ.

ಈಗ ನಿಮ್ಮ ಲೆಕ್ಕ. ಆಸಿಡ್‌ನಲ್ಲಿ 14 ಉಳಿಯಿತು, ಎಣ್ಣೆಗೆ 24 ಹೋಯಿತು. 24ನ್ನು 14ರಿಂದ ಭಾಗಿಸಿದರೆ 1.7, ಅಂದರೆ ಆಸಿಡ್‌ನಲ್ಲಿ ಉಳಿದದ್ದರ 1.7 ಪಟ್ಟು ಎಣ್ಣೆಗೆ ಹೋಗಿದೆ. ಮೊದಲ ಪ್ರಯೋಗದಲ್ಲಿ ಇದೇ ಸಂಖ್ಯೆ 0.8 ಇತ್ತು. ಟಿಬಿಪಿ ಹೆಚ್ಚಿಸಿದ್ದಕ್ಕೆ, ಫೆರಿಕ್ ಜಾಗ ಬಿಟ್ಟಿದ್ದಕ್ಕೆ ಇಷ್ಟು ಸುಧಾರಿಸಿದೆ. ಜಿಂಕ್ ಕಡಿಮೆ ಆದಂತೆ ಖಾಲಿ ಟಿಬಿಪಿ ಹೆಚ್ಚಿರುತ್ತದೆ, ಈ ಸಂಖ್ಯೆ ಇನ್ನೂ ಏರುತ್ತದೆ. ಲೆಕ್ಕ ಸುಲಭ ಆಗಲಿ ಎಂದು 2 ಅಂತ ಇಟ್ಟುಕೊಳ್ಳೋಣ. ಒಂದೇ ಸಲ ಕುಲುಕಿದರೆ ಮೂರರಲ್ಲಿ ಒಂದು ಭಾಗ ಜಿಂಕ್ ಉಳಿಯುತ್ತದೆ. ಹೊಸ ಟಿಬಿಪಿ ಹಾಕಿ ಮೂರು ಸಲ ಕುಲುಕಿದರೆ 27ರಲ್ಲಿ ಒಂದು ಭಾಗ, ಆದರೆ ಟಿಬಿಪಿ ಮೂರು ಪಟ್ಟು ಬೇಕು. ಅದರ ಬದಲು ಎದುರುಬದುರು ಓಡಿಸಿ: ಆಸಿಡ್ ಈ ಕಡೆಯಿಂದ, ಎಣ್ಣೆ ಆ ಕಡೆಯಿಂದ. ಹೊಸ ಎಣ್ಣೆಗೆ ಸಿಗುವುದು ಕೊನೆಯ ಹಂತದ, ಜಿಂಕ್ ಕಡಿಮೆ ಇರುವ ಆಸಿಡ್. ಅರ್ಧ ತುಂಬಿದ ಎಣ್ಣೆಗೆ ಸಿಗುವುದು ಹೊಸ ಆಸಿಡ್. ಹೀಗೆ ಮಾಡಿದರೆ ಒಂದೇ ಪಟ್ಟು ಎಣ್ಣೆಯಲ್ಲಿ ಮೂರು ಹಂತಕ್ಕೆ 15ರಲ್ಲಿ ಒಂದು ಭಾಗ, ನಾಲ್ಕು ಹಂತಕ್ಕೆ 31ರಲ್ಲಿ ಒಂದು ಭಾಗ ಉಳಿಯುತ್ತದೆ. ನಿಮ್ಮ 38 ಗ್ರಾಂ ನಾಲ್ಕು ಹಂತದಲ್ಲಿ ಸುಮಾರು 1.2 ಗ್ರಾಂ. ಲ್ಯಾಬ್‌ನಲ್ಲಿ ನಾಲ್ಕು ಫನೆಲ್ ಸಾಲಾಗಿ ಇಟ್ಟು ಇದನ್ನೇ ಕೈಯಿಂದ ಮಾಡಿ ನೋಡಬಹುದು. ಅರ್ಧ ದಿನದ ಕೆಲಸ, ಆದರೆ ಪ್ಲಾಂಟ್ ಕಟ್ಟುವ ಮೊದಲು ಮಾಡಲೇಬೇಕು.

ಟಿಬಿಪಿ ಖರ್ಚಾಗಿಹೋಗುವ ವಸ್ತು ಅಲ್ಲ, ತೊಳೆದು ಮತ್ತೆ ಮತ್ತೆ ಬಳಸುವುದು. ಆಸಿಡ್‌ನಲ್ಲಿ ನಿಧಾನವಾಗಿ ಒಡೆದು ಡೈಬ್ಯುಟೈಲ್ ಫಾಸ್ಫೇಟ್ ಆಗುತ್ತದೆ, ಅದು ಫೆರಿಕ್ ಹಿಡಿದುಕೊಂಡರೆ ನೀರಿಗೆ ಬಿಡುವುದಿಲ್ಲ. ಆಗಾಗ ತೆಳು ಸೋಡಾ ನೀರಿನಿಂದ, ಅಂದರೆ ಸೋಡಿಯಂ ಕಾರ್ಬೊನೇಟ್‌ನಿಂದ ತೊಳೆಯಿರಿ.

ಅಮೀನ್ ಗುಂಪಿನ ಅಲಿಕ್ವಾಟ್ 336 ಥರದ್ದು ಜಿಂಕನ್ನು ಗಟ್ಟಿಯಾಗಿ ಹಿಡಿಯುತ್ತದೆ, ನಿಜ. ಅಷ್ಟೇ ಗಟ್ಟಿಯಾಗಿ ಹಿಡಿದುಕೊಂಡೇ ಇರುತ್ತದೆ, ನೀರು ಕೊಟ್ಟರೆ ಸರಿಯಾಗಿ ಬಿಡುವುದಿಲ್ಲ. ಡಿ2ಇಎಚ್‌ಪಿಎ ಜಿಂಕ್ ತಗೊಂಡು ಆಸಿಡ್ ಬಿಡುತ್ತದೆ, ನಿಮ್ಮಷ್ಟು ಆಸಿಡ್ ಇರುವ ಕಡೆ ಅದು ಜಿಂಕ್ ಹಿಡಿಯುವುದೇ ಕಷ್ಟ. ಟಿಬಿಪಿ ಸರಿಯಾದ ಆಯ್ಕೆ.

ಇನ್ನೊಂದು ಮಾತು, ಇದನ್ನು ಎಷ್ಟೋ ಜನ ಮರೆಯುತ್ತಾರೆ. ಪಿವಿಸಿ ಪೈಪ್ ಹಾಕಬೇಡಿ. ಟಿಬಿಪಿ ಪ್ಲಾಸ್ಟಿಕ್ ಮೆತ್ತಗೆ ಮಾಡುವ ವಸ್ತು. ನಮ್ಮ ಪ್ರಾಜೆಕ್ಟ್ ರಿಗ್‌ನಲ್ಲಿ ಒಂದು ಪಿವಿಸಿ ಬೆಂಡ್ ವಾರ ಕಳೆಯುವುದರೊಳಗೆ ಬೆರಳಲ್ಲಿ ಒತ್ತಿದರೆ ತಗ್ಗು ಬೀಳುವಷ್ಟು ಮೆತ್ತಗಾಗಿತ್ತು, ಜಾಯಿಂಟ್‌ನಿಂದ ಹನಿ ಸೋರಿ ನೆಲವೆಲ್ಲ ಜಾರುತ್ತಿತ್ತು. ಪಾಲಿಪ್ರೊಪಿಲೀನ್ ಪೈಪ್, ಟೆಫ್ಲಾನ್ ಗ್ಯಾಸ್ಕೆಟ್ ಹಾಕಿ. ಕೆಲಸ ಮಾಡುವವರಿಗೆ ಗ್ಲೌಸ್ ಕೊಡುವಾಗಲೂ ಇದು ನೆನಪಿರಲಿ. ಜಿಂಕ್ ತೆಗೆದ ಆಸಿಡ್‌ನಲ್ಲಿ ಸ್ವಲ್ಪ ಟಿಬಿಪಿ ಉಳಿದೇ ಉಳಿಯುತ್ತದೆ, ಮಾರುವ ಮೊದಲು ಆಕ್ಟಿವೇಟೆಡ್ ಕಾರ್ಬನ್ ಮೂಲಕ ಹಾಯಿಸಿ. ಕೊಳ್ಳುವವರು ಅದರಿಂದ ನೀರು ತಿಳಿ ಮಾಡುವವರು.

——

ಮಲಪ್ರಭಾ ದಂಡೆ:

ಕೆಮಿಸ್ಟ್ರಿ ನನ್ನ ಕೆಲಸ ಅಲ್ಲ, ಕಾಗದಪತ್ರ ನನ್ನ ಕೆಲಸ. ಬಳಸಿದ ಪಿಕ್ಲಿಂಗ್ ಆಸಿಡ್ 2016ರ ಅಪಾಯಕಾರಿ ತ್ಯಾಜ್ಯ ನಿಯಮದಲ್ಲಿ ಬರುತ್ತದೆ. ಫೆರಿಕ್ ಕ್ಲೋರೈಡ್ ಮಾಡುವವರಿಗೆ ಕೊಡುವಾಗ ಅವರ ಹತ್ತಿರ ಆ ಆಸಿಡ್ ಬಳಸಲು 9ನೇ ನಿಯಮದ ಅನುಮತಿ ಇದೆಯಾ ಅಂತ ನೋಡಿ, ಟ್ಯಾಂಕರ್ ಜೊತೆ ಫಾರ್ಮ್ 10 ಮ್ಯಾನಿಫೆಸ್ಟ್, ಅಂದರೆ ಸಾಗಣೆ ಪತ್ರ, ಇರಲೇಬೇಕು. ನೀವೇ ಎಕ್ಸ್‌ಟ್ರಾಕ್ಷನ್ ಪ್ಲಾಂಟ್ ಹಾಕುವುದಾದರೆ ಅದು ಹೊಸ ಪ್ರೊಸೆಸ್, ಮಾಲಿನ್ಯ ನಿಯಂತ್ರಣ ಮಂಡಳಿಯ ಬೆಳಗಾವಿ ಕಚೇರಿಯಲ್ಲಿ ಮೊದಲೇ ಕೇಳಿ, ಕಟ್ಟಿದ ಮೇಲೆ ಅಲ್ಲ. ಸೀಮೆಎಣ್ಣೆ ಇರುವುದರಿಂದ ಫೈರ್ ವಿಷಯವೂ ಬರುತ್ತದೆ.

——

ಹೊನಗಾ ಲ್ಯಾಬ್:

ಎಲ್ಲರ ಮಾತೂ ಪ್ರಿಂಟ್ ತೆಗೆದು ಮ್ಯಾನೇಜರ್ ಟೇಬಲ್ ಮೇಲೆ ಇಟ್ಟೆ. ರಿಜೆಕ್ಟ್ ಮತ್ತು ಜಿಗ್‌ಗೆ ಬೇರೆ ತೊಟ್ಟಿ ಒಪ್ಪಿದ್ದಾರೆ. ಹಳೆಯ ರಿನ್ಸ್ ತೊಟ್ಟಿ ಒಂದು ಖಾಲಿ ಇದೆ, ಅದನ್ನೇ ಕೆಟಲ್ ಪಕ್ಕಕ್ಕೆ ಸರಿಸುತ್ತಿದ್ದೇವೆ. ಹೊಸ ಪ್ಲಾಂಟ್ ಈಗಲೇ ಬೇಡ, ಈ 10 ಸಾವಿರ ಲೀಟರ್‌ಗೆ ಅನುಮತಿ ಕೇಳಿ ಸಣ್ಣದಾಗಿ ಮಾಡೋಣ ಅಂದರು. ನಾಲ್ಕು ಫನೆಲ್ ಪ್ರಯೋಗ ಸೋಮವಾರ ಶುರು.

ಕೊನೆಯ ಒಂದು ಪ್ರಶ್ನೆ. ನೀರಿನಿಂದ ತೊಳೆದಾಗ ಬರುವ ಜಿಂಕ್ ಕ್ಲೋರೈಡ್ ನೀರನ್ನು ನಮ್ಮದೇ ಫ್ಲಕ್ಸ್ ತೊಟ್ಟಿಗೆ, ಅಂದರೆ ಕೆಟಲ್‌ಗೆ ಮೊದಲು ಮಾಲು ಅದ್ದುವ ತೊಟ್ಟಿಗೆ, ಹಾಕಬಹುದಾ? ಫ್ಲಕ್ಸ್ ಅಂದರೂ ಜಿಂಕ್ ಕ್ಲೋರೈಡ್, ಅಮೋನಿಯಂ ಕ್ಲೋರೈಡ್ ತಾನೇ.

——

ಗಡಿನಾಡ ಕೆಮಿಸ್ಟ್:

ಹಾಕಬಹುದು, ಆದರೆ ನೇರವಾಗಿ ಬೇಡ. ಟಿಬಿಪಿ ಜಿಂಕ್ ಜೊತೆ ಒಂದಷ್ಟು ಆಸಿಡನ್ನೂ ಎಳೆದಿರುತ್ತದೆ, ಅದೂ ಆ ನೀರಿಗೆ ಬಂದಿರುತ್ತದೆ. ಮೊದಲು ಇದನ್ನೂ ಕಾರ್ಬನ್ ಮೂಲಕ ಹಾಯಿಸಿ, ಟಿಬಿಪಿ ಫ್ಲಕ್ಸ್‌ಗೆ ಹೋಗಬಾರದು. ಆಮೇಲೆ ಅಮೋನಿಯಾ ದ್ರಾವಣ ನಿಧಾನವಾಗಿ ಸೇರಿಸುತ್ತಾ ಪಿಎಚ್ 4.5 ಆಸುಪಾಸಿಗೆ ತನ್ನಿ, ಆಸಿಡ್ ಅಮೋನಿಯಂ ಕ್ಲೋರೈಡ್ ಆಗುತ್ತದೆ, ಅದು ಹೇಗೂ ಫ್ಲಕ್ಸ್‌ಗೆ ಬೇಕಾದದ್ದೇ. ಆಗ ಸ್ವಲ್ಪ ಹೈಡ್ರೋಜನ್ ಪೆರಾಕ್ಸೈಡ್ ಹಾಕಿ. ತಪ್ಪಿಸಿಕೊಂಡು ಬಂದ ಕಬ್ಬಿಣ ಫೆರಿಕ್ ಆಗಿ ಕಂದು ಚರಟವಾಗಿ ಕೆಳಗೆ ಕೂರುತ್ತದೆ, ಜಿಂಕ್ ಆ ಪಿಎಚ್‌ನಲ್ಲಿ ಕೂರುವುದಿಲ್ಲ. ಸೋಸಿ ಹಾಕಿ.

ಕಬ್ಬಿಣದ ವಿಷಯದಲ್ಲಿ ಸಡಿಲ ಬಿಡಬೇಡಿ. ಫ್ಲಕ್ಸ್‌ನಲ್ಲಿ ಹೋದ ಕಬ್ಬಿಣ ಕೆಟಲ್‌ನಲ್ಲಿ ಜಿಂಕ್ ಜೊತೆ ಸೇರಿ ಡ್ರಾಸ್ ಆಗುತ್ತದೆ. ಆ ಡ್ರಾಸ್‌ನ ಹರಳಿನಲ್ಲಿ ಒಂದು ಕಬ್ಬಿಣಕ್ಕೆ 13 ಜಿಂಕ್ ಇರುತ್ತದೆ, ತೂಕದಲ್ಲಿ 1 ಕೆ.ಜಿ. ಕಬ್ಬಿಣಕ್ಕೆ 15 ಕೆ.ಜಿ. ಜಿಂಕ್ ಕೆಟಲ್ ತಳಕ್ಕೆ ಹೋಯಿತು ಅಂತ ಲೆಕ್ಕ. ಸೋಮವಾರದ ನಾಲ್ಕು ಫನೆಲ್ ಅಂಕಿ ಬಂದ ಮೇಲೆ ಇಲ್ಲೇ ಹಾಕಿ, ತೊಳೆದ ನೀರಿನ ಕಬ್ಬಿಣದ ಅಂಕಿಯನ್ನೂ ಸೇರಿಸಿ.